ರಾಜವಂಶ ಬೀಳೋ ಅಧ್ಯಾಯದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಸೇರಿ ಬರೆಯುತ್ತಿರುವ ಕಲ್ಪನೆಯ ರಾಜ್ಯದ ಏಳನೇ ಅಧ್ಯಾಯ ಓದಿದೆ. ಹೊರಗಿನ ಸೈನ್ಯ ಬಂತು, ಒಂದೇ ರಾತ್ರಿಯಲ್ಲಿ ಕೋಟೆ ಬಿತ್ತು, ವಂಶ ಮುಗೀತು. ಇಷ್ಟು ಸುಲಭ ಬೇಡ ಅನ್ನಿಸುತ್ತೆ ನನಗೆ.

ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಬೀದರ್ ನೋಡಿ. 1481ರಲ್ಲಿ ಪ್ರಧಾನಮಂತ್ರಿ ಮಹಮೂದ್ ಗವಾನನ ಮುದ್ರೆ ಇದ್ದ ಖಾಲಿ ಕಾಗದದ ಮೇಲೆ ವಿರೋಧಿಗಳು ಸುಳ್ಳು ಪತ್ರ ಬರೆದರು, ಸುಲ್ತಾನ ಅದನ್ನೇ ನಂಬಿ ಅವನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ಪಟ್ಟಕ್ಕೆ ಬಂದವನು ಚಿಕ್ಕ ಹುಡುಗ. 1490ರ ಹೊತ್ತಿಗೆ ಬಿಜಾಪುರ, ಅಹ್ಮದನಗರ, ಬೆರಾರ್ ಕೈಬಿಟ್ಟು ಹೋದವು. ಕಿತ್ತುಕೊಂಡವರು ಹೊರಗಿನವರಲ್ಲ, ಬಹಮನಿಗಳೇ ನೇಮಿಸಿದ ಸರದಾರರು! ಬೀದರಿನಲ್ಲಿ ಅಧಿಕಾರವೆಲ್ಲ ಮಂತ್ರಿಗಳಾಗಿದ್ದ ಬರೀದ್ ಮನೆತನದವರ ಕೈಗೆ ಹೋಯಿತು, ಆದರೂ ಹೆಸರಿಗೆ ಸುಲ್ತಾನರು ಇನ್ನೂ ಹಲವು ವರ್ಷ ಕೂತೇ ಇದ್ದರು. ಆ ಕೂತಿರುವ ಕಾಲವೇ ನಮ್ಮ ಅಧ್ಯಾಯಕ್ಕೆ ಬೇಕು, ಅಲ್ವಾ?

ಭಾನುವಾರ ಬೆಳಿಗ್ಗೆ ಬೀದರ್ ಪಕ್ಕದ ಅಷ್ಟೂರಿಗೆ ಹೋಗೋಣ, ಬಹಮನಿ ಸುಲ್ತಾನರ ಗೋರಿಗಳಿರೋದು ಅಲ್ಲೇ. ಅಹ್ಮದ್ ಶಾ ವಲಿಯ ಗೋರಿ ಒಳಗೆ ನಿಂತು ಚಾವಣಿಯ ಬಣ್ಣ ನೋಡಿ, ಹಾಗೇ ಕೊನೆಯ ಸುಲ್ತಾನರ ಗೋರಿಗಳ ತನಕ ನಡೆಯಿರಿ. ಎಷ್ಟು ಚಿಕ್ಕವು! ನೋಡಿದಾಗ ನನಗೆ ನಿಜವಾಗಲೂ ಸಂಕಟವಾಯಿತು. ನಡುವೆ ಸಿಡಿಲಿಗೆ ಒಡೆದ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಗುಮ್ಮಟವೂ ಸಿಗುತ್ತೆ, ಅರ್ಧ ಆಕಾಶಕ್ಕೆ ತೆರೆದು ನಿಂತಿದೆ.

ಕಲಬುರಗಿಯಿಂದ ಬರುವವರು ಶನಿವಾರ ಸಂಜೆಯೊಳಗೆ ಹೇಳಿ. ನೀರಿನ ಬಾಟಲಿ, ನೋಟ್‌ಬುಕ್ ತನ್ನಿ. ಅಲ್ಲಿಯವರೆಗೆ ಏಳನೇ ಅಧ್ಯಾಯ ಯಾರೂ ತಿದ್ದಬೇಡಿ.