ಮದುವೆ ನಡೆಸಿಕೊಡಲು ಕಲಿಸಿದ ಹಿರಿಯರಿಗೆ

ಆಪ್ತ ಗೆಳೆಯರಿಬ್ಬರು ತಮ್ಮ ಮದುವೆಯನ್ನು ನಾನೇ ನಡೆಸಿಕೊಡಬೇಕೆಂದು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆನಾದರೂ, ಆ ಹೊಣೆಯ ಸ್ವರೂಪವನ್ನು ತಿಳಿಸಿಕೊಟ್ಟವರು ತಮ್ಮ ಹೆಸರು ಬೇಡವೆಂದ ಒಬ್ಬ ಹಿರಿಯರು. ಅವರಿಗೆ ಸಾರ್ವಜನಿಕವಾಗಿಯೇ ಕೃತಜ್ಞತೆ ಸಲ್ಲಬೇಕು.

ಭಾಷಣ ಬರೆಯುವ ಮುನ್ನ ಕಾನೂನನ್ನು ವಿಚಾರಿಸಿ ಎಂಬುದು ಅವರ ಮೊದಲ ಮಾತಾಗಿತ್ತು. ವಿವಾಹ ನಡೆಸಿಕೊಡುವ ಅಧಿಕಾರ ಯಾರಿಗಿದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಸ್ನೇಹಿತರು ನಡೆಸುವ ಸಮಾರಂಭಕ್ಕೆ ಮಾನ್ಯತೆಯಿಲ್ಲದ ಕಡೆ ವಧೂವರರು ಅಧಿಕೃತ ನೋಂದಣಿಯನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕಾಗುತ್ತದೆ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಸಂಭ್ರಮದ ನಡುವೆ ಯಾರೂ ಕೇಳಬಯಸದ ಸಂಗತಿಯಿದು, ನಾನಂತೂ ಬಯಸಿರಲಿಲ್ಲ.

ನನ್ನ ಕರಡನ್ನು ಓದಿದ ಅವರು, ನೆನಪುಗಳ ಅರ್ಧಭಾಗವನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ, ಇಬ್ಬರಲ್ಲಿ ಒಬ್ಬರನ್ನೇ ಹೆಚ್ಚು ಬಲ್ಲೆನೆಂಬ ಸಲುಗೆ ಕಾಣದಂತೆ ತಿದ್ದಿಕೊಟ್ಟರು. ಸಮ್ಮತಿ ಕೇಳುವ ಪ್ರಶ್ನೆ ಮತ್ತು ಪರಸ್ಪರ ಪ್ರತಿಜ್ಞೆಗಳೇ ಸಮಾರಂಭದ ಜೀವಾಳವಾದ್ದರಿಂದ, ನಾನು ಹೇಳಿಕೊಡುವ ಸಾಲುಗಳನ್ನು ಒಂದೇ ಉಸಿರಿಗೆ ನುಡಿಯಬಲ್ಲಷ್ಟು ಚಿಕ್ಕದಾಗಿ ತುಂಡರಿಸಿ, ದೊಡ್ಡ ಅಕ್ಷರಗಳಲ್ಲಿ ಕಾಗದದ ಮೇಲೆ ಮುದ್ರಿಸಿಕೊಳ್ಳಬೇಕೆಂದರು. ಕಂಠಪಾಠವನ್ನು ಒಪ್ಪಲೇ ಇಲ್ಲ. ಎದ್ದು ನಿಂತ ಅತಿಥಿಗಳಿಗೆ ಕುಳಿತುಕೊಳ್ಳಲು ಹೇಳಬೇಕು, ಛಾಯಾಚಿತ್ರ ತೆಗೆಯುವ ಹೊತ್ತಿಗೆ ದಂಪತಿಯ ನಡುವಿನಿಂದ ಪಕ್ಕಕ್ಕೆ ಸರಿಯಬೇಕು ಎಂಬ ಸಣ್ಣ ಸೂಚನೆಗಳೂ ಅವರವೇ.

ಮಾನ್ಯರೇ, ಸಂಭಾವನೆಯ ಮಾತನ್ನೂ ಎತ್ತಗೊಡದ ತಮಗೆ, ನವದಂಪತಿಯ ಪರವಾಗಿಯೂ ನನ್ನ ಪರವಾಗಿಯೂ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ.