ಯಾರನ್ನ ಕೇಳಲಿ ಅಂದೆಯಲ್ಲ

ಶಿಡ್ಲಘಟ್ಟ
ಭಾನುವಾರ ರಾತ್ರಿ

ಪುಟ್ಟಿ,

ಕೆಲಸಕ್ಕೆ ಜಪಾನಿಗೆ ಹೊರಟಿದ್ದೇನೆ ಅಂತ ಬರೆದ ನಿನ್ನ ಕಾಗದ ಗುರುವಾರ ಸಿಕ್ಕಿತು. ಫೋನಿನಲ್ಲಿ ಹೇಳಹೊರಟರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀಯಲ್ಲ. ಕಾಗದ ಹಿಂದುಮುಂದು ಮಾಡಿ ಬೆಳಕಿಗೆ ಹಿಡಿದು ಓದಿದೆ. 'ಅಲ್ಲಿ ಎಟಿಎಂ ಮಿಷನ್ ನನ್ನ ಕಾರ್ಡ್ ನುಂಗಿಬಿಟ್ಟರೆ ಯಾರನ್ನ ಕೇಳಲಿ ದೊಡ್ಡಪ್ಪ?' ವಿಮಾನ, ಚಳಿ, ಕೆಲಸ ಯಾವುದಕ್ಕೂ ನೀನು ಹೆದರಿದ ಹಾಗೆ ಕಾಣಲಿಲ್ಲ. ಈ ಒಂದು ಸಾಲಿಗೆ ಮಾತ್ರ ನನಗೆ ಮೂರು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಶುಕ್ರವಾರ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಂದೆ. ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. 2020ರಿಂದ ಹೊಸದಾಗಿ ಕೊಡುವ ಕಾರ್ಡುಗಳು ನಮ್ಮ ದೇಶದೊಳಗೆ ಮಾತ್ರ ನಡೆಯುತ್ತವಂತೆ. ಹೊರದೇಶಕ್ಕೆ ಬೇಕಾದರೆ ನಾವೇ ಹೇಳಿ ಆನ್ ಮಾಡಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮ. ಹೊರಡುವ ಮೊದಲೇ ಮಾಡಿಸು. ಅಲ್ಲಿ ಹೋಗಿ ಮಿಷನ್ 'ಇಲ್ಲ' ಅಂದರೆ ಕಾರ್ಡೇ ಕೆಟ್ಟಿದೆ ಅಂತ ನೀನು ಗಾಬರಿ ಆಗುತ್ತೀಯ.

ನುಂಗುವ ವಿಷಯವನ್ನೂ ಕೇಳಿದೆ. ಹೊರಗೆ ಬಂದ ಕಾರ್ಡನ್ನು ಸ್ವಲ್ಪ ಹೊತ್ತು ತೆಗೆದುಕೊಳ್ಳದೆ ಬಿಟ್ಟರೆ ಕೆಲವು ಮಿಷನ್ ಒಳಗೆ ಎಳೆದುಕೊಳ್ಳುತ್ತವೆ. ಪಿನ್ ಎರಡು ಸಲ ತಪ್ಪಾದರೆ ಮೂರನೇ ಸಲ ಒತ್ತಬೇಡ, ಸುಮ್ನೆ ಬಂದುಬಿಡು. ಈ ಮಿಷನ್ ಕಂಡುಹಿಡಿದ ಬ್ರಿಟಿಷ್ ಮನುಷ್ಯ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಒಂದು ಶನಿವಾರ ಬ್ಯಾಂಕಿಗೆ ತಡವಾಗಿ ಹೋಗಿ, ದುಡ್ಡು ಸಿಗದೆ ಬರಿಗೈಲಿ ಮನೆಗೆ ಬಂದವನು. ಆಮೇಲೆ 1967ರಲ್ಲಿ ಲಂಡನ್ನಿನಲ್ಲಿ ಮೊದಲ ಮಿಷನ್ ಇಟ್ಟರು. ನೋಡು, ಅದು ಹುಟ್ಟಿದ್ದೂ ನಿನ್ನಂಥದ್ದೇ ಭಯದಿಂದ.

ನಾನೂ ಬರಿಗೈಲಿ ನಿಂತವನೇ. 1986ರಲ್ಲಿ ಕಂಚಿಗೆ ನೂಲು ತಗೊಂಡು ಹೋಗಿದ್ದೆ. ಸಾಹುಕಾರರು ದುಡ್ಡಿಗೆ ಎರಡು ದಿನ ಬಿಟ್ಟು ಬಾ ಅಂದರು. ಜೇಬಿನಲ್ಲಿದ್ದದ್ದು ವಾಪಸ್ ಬಸ್ಸಿನ ದುಡ್ಡು ಮಾತ್ರ. ಅಲ್ಲೇ ಎರಡು ಬೀದಿ ಆಚೆ ನಮ್ಮ ಚಿಂತಾಮಣಿ ಕಡೆಯವರೊಬ್ಬರು ಹೋಟೆಲ್ ಇಟ್ಟಿದ್ದರು. ಗುರುತೂ ಇತ್ತು. ಹೋಟೆಲ್ ಮುಂದೆ ಮೂರು ಸಲ ಓಡಾಡಿದೆ. ಒಳಗೆ ಕಾಲಿಡಲು ಆಗಲಿಲ್ಲ. ರೇಷ್ಮೆ ವ್ಯಾಪಾರ ಮಾಡುವವನು ಊಟ ಕೇಳೋದಾ ಅನ್ನಿಸಿಬಿಟ್ಟಿತು. ಎರಡು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿದೆ, ಬಾಳೆಹಣ್ಣು ತಿಂದುಕೊಂಡು. ಈಗ ಯೋಚಿಸಿದರೆ ಅಲ್ಲಿ ಕೇಳಲು ಜನ ಇದ್ದರು ಪುಟ್ಟಿ. ನನಗೆ ಬಾಯಿ ಬರಲಿಲ್ಲ, ಅಷ್ಟೆ.

ಅದನ್ನಾದರೂ ಮರೆಯಬಹುದು. 2004ರಲ್ಲಿ ನಿನ್ನಪ್ಪ ಪುಣೆಯಲ್ಲಿ ದುಡ್ಡಿಲ್ಲದೆ ಸಿಕ್ಕಿಕೊಂಡಿದ್ದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳಲ್ಲ. ಅವತ್ತು ಅವನು ನನಗೆ ಫೋನ್ ಮಾಡಿದ್ದ. ಅದು ಯಾರಿಗೂ ಗೊತ್ತಿಲ್ಲ. ಎಸ್‌ಟಿಡಿ ಬೂತಿನಿಂದ ಮಾಡಿದ್ದ. 'ಅಣ್ಣಾ, ಮಿಷನ್‌ನಿಂದ ದುಡ್ಡು ಬರಲಿಲ್ಲ, ಖಾತೆಯಲ್ಲಿ ಮಾತ್ರ ನಾಲ್ಕು ಸಾವಿರ ಕಟ್ ಆಗಿದೆ' ಅಂದ. ನಾನು ಆಗ ಮಾರ್ಕೆಟ್ಟಿಗೆ ಹೊರಟಿದ್ದೆ, ರೇಷ್ಮೆ ಗೂಡಿನ ಹರಾಜಿಗೆ ಹೊತ್ತಾಗಿತ್ತು. 'ಚೀಟಿ ಇಟ್ಟುಕೊಂಡಿದ್ದೀಯಾ? ಯಾವಾಗಲೂ ನಿನ್ನದು ಇದೇ ಗೋಳು' ಅಂದೆ. ಊಟ ಆಯ್ತಾ ಅಂತ ಕೇಳಲಿಲ್ಲ. ಎಲ್ಲಿ ಮಲಗುತ್ತೀಯ ಅಂತಲೂ ಕೇಳಲಿಲ್ಲ. 'ಆಯ್ತಣ್ಣ' ಅಂದು ಇಟ್ಟುಬಿಟ್ಟ.

ವಾರ ಆದಮೇಲೆ ಊರಿಗೆ ಬಂದ. ಜಗುಲಿಯಲ್ಲಿ ಕೂತು ಕಾಫಿ ಲೋಟ ಎತ್ತಿದಾಗ ನೋಡಿದೆ. ಮಣಿಕಟ್ಟಿನಲ್ಲಿ ವಾಚ್ ಇರಲಿಲ್ಲ. ಮದುವೆಗೆ ನಾನೇ ಕೊಡಿಸಿದ ಎಚ್‌ಎಂಟಿ. ಪಟ್ಟಿ ಇದ್ದ ಜಾಗ ಮಾತ್ರ ಬೆಳ್ಳಗೆ ಒಂದು ಬಳೆಯ ಹಾಗೆ ಕಾಣುತ್ತಿತ್ತು. ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬ್ಯಾಂಕಿನ ದುಡ್ಡು ತಿಂಗಳ ಮೇಲೆ ಖಾತೆಗೆ ವಾಪಸ್ ಬಂತು. ಆಮೇಲೆ ಅವನು ಯಾವ ಕಷ್ಟಕ್ಕೂ ನನಗೆ ಫೋನ್ ಮಾಡಲಿಲ್ಲ. ನಾನಾಗಿ ಕೇಳೋಣ ಅಂತ ಎಷ್ಟು ಸಲ ಅಂದುಕೊಂಡೆನೋ. ಈಗ ಕೇಳೋಣ ಅಂದರೆ ಅವನಿಲ್ಲ.

ನೀನು ಆ ಸಾಲು ಹೊಡೆದು ಹಾಕಿದ್ದು ನೋಡಿ ನನಗೆ ನೆನಪಾಗಿದ್ದು ಅದೇ 'ಆಯ್ತಣ್ಣ'.

ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ. ನಮ್ಮ ದೇಶದಲ್ಲಿ ಈಗ ಹಾಗೆ ದುಡ್ಡು ಕಟ್ ಆದರೆ 5 ದಿನದೊಳಗೆ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಿಸಿ ಕೊಡಬೇಕು. 2019ರಲ್ಲಿ ಬಂದ ನಿಯಮ. ಹೊರದೇಶದ ಮಿಷನ್‌ಗೆ ಇದು ಅನ್ವಯಿಸಲ್ಲ, ಜಾಸ್ತಿ ದಿನ ಹಿಡಿಯಬಹುದು. ಚೀಟಿ ಇಟ್ಟುಕೋ ಅಂತ ಹೇಳಲು ನನಗೆ ಈಗ ಬಾಯಿ ಬರುತ್ತಿಲ್ಲ. ಆದರೂ ಇಟ್ಟುಕೋ ಮಗಳೇ.

ಬ್ಯಾಂಕಿನ ನಂಬರನ್ನು ಒಂದು ಹಾಳೆಯಲ್ಲಿ ಬರೆದು ಬಟ್ಟೆಗಳ ನಡುವೆ ಇಡು. ಕಾರ್ಡಿನ ಹಿಂದೆ ಇದೆಯಲ್ಲ ಅಂತ ಬಿಡಬೇಡ, ಕಾರ್ಡ್ ಒಳಗೆ ಹೋದರೆ ನಂಬರೂ ಅದರ ಜೊತೆಗೇ ಹೋಗುತ್ತದೆ. 1800 ಅಂತ ಶುರುವಾಗುವುದು ಅಲ್ಲಿಂದ ಹತ್ತುವುದಿಲ್ಲ. 91 ಹಾಕಿ ಮಾಡುವ ನಂಬರ್ ಬರೆದುಕೋ. ಇನ್ನೊಂದು ಕಾರ್ಡ್ ಬೇರೆ ಚೀಲದಲ್ಲಿರಲಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯಲು ಮಾತ್ರ ಹೋಗಬೇಡ, ತೆಗೆದ ದಿನದಿಂದಲೇ ಬಡ್ಡಿ.

ಜಪಾನಿನಲ್ಲಿ ಎಲ್ಲ ಮಿಷನ್ನೂ ನಮ್ಮ ಕಾರ್ಡ್ ತೆಗೆದುಕೊಳ್ಳುವುದಿಲ್ಲವಂತೆ. ಸೆವೆನ್ ಇಲೆವೆನ್ ಅಂಗಡಿಯಲ್ಲಿರುವುದು, ಪೋಸ್ಟ್ ಆಫೀಸಿನಲ್ಲಿರುವುದು ತೆಗೆದುಕೊಳ್ಳುತ್ತವೆ. ಪೋಸ್ಟ್ ಆಫೀಸಿನದು ರಾತ್ರಿ ಮುಚ್ಚಿರಬಹುದು. ರೂಪಾಯಿಯಲ್ಲಿ ಲೆಕ್ಕ ಹಾಕಲೇ ಅಂತ ಮಿಷನ್ ಕೇಳಿದರೆ ಬೇಡ ಅನ್ನು, ಯೆನ್ನಿನಲ್ಲೇ ಒತ್ತು. ರೂಪಾಯಿ ಅಂದರೆ ಅವರ ಮನಸ್ಸಿಗೆ ಬಂದ ದರ ಹಾಕುತ್ತಾರೆ. ಪ್ರತಿ ಸಲಕ್ಕೂ ಶುಲ್ಕ ಬೇರೆ ಇರುವುದರಿಂದ ನಾಲ್ಕು ಸಲದ್ದನ್ನು ಒಂದೇ ಸಲ ತೆಗೆದುಕೋ. ಕೈಯಲ್ಲಿ ಮೊದಲ ವಾರಕ್ಕೆ ಆಗುವಷ್ಟು ಯೆನ್ ಇಲ್ಲಿಂದಲೇ ಇರಲಿ, ನಾನು ಕೊಡುತ್ತೇನೆ. ಬೇಡ ಅನ್ನಬೇಡ.

ಇಷ್ಟೆಲ್ಲ ಮಾಡಿಯೂ ಮಿಷನ್ ನುಂಗಿತು ಅಂದುಕೋ. ಅಂಗಡಿಯವರನ್ನ ಕೇಳು, ಕೈಸನ್ನೆಯಲ್ಲಾದರೂ ಕೇಳು. ಅಲ್ಲಿ ಬೀದಿ ಬೀದಿಗೆ ಕೋಬಾನ್ ಅಂತ ಸಣ್ಣ ಪೊಲೀಸ್ ಚೌಕಿ ಇರುತ್ತವೆ, ಅಲ್ಲಿ ಕೇಳು. ಕಂಪನಿಯವರನ್ನ ಕೇಳು. ಆ ದೇಶದವರ ಬಗ್ಗೆ ನನಗೆ ಭಯ ಇಲ್ಲ. 1991ರಿಂದ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಗೆ ಬಂದು ಬಿಳಿ ಗೂಡು ಕಟ್ಟುವ ದ್ವಿತಳಿ ರೇಷ್ಮೆ ಹುಳು ಸಾಕಲು ನಮ್ಮವರಿಗೆ ಕಲಿಸಿದವರು ಅವರು. ಆ ಬಿಳಿ ಗೂಡಿನ ನೂಲು ನಾನೂ ಬಿಚ್ಚಿದ್ದೇನೆ. ಅದರಲ್ಲಿ ಎಳೆ ಕಡಿಯುವುದು ಕಡಿಮೆ.

ಅವರು ಯಾರೂ ಸಿಗಲಿಲ್ಲ ಅಂದರೆ ನನಗೆ ಮಾಡು. ಅಲ್ಲ, ಸಿಕ್ಕಿದರೂ ಮಾಡು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಿನಗೆ ಬೆಳಿಗ್ಗೆ ಆರು ಆದರೆ ನನಗೆ ರಾತ್ರಿ ಎರಡೂವರೆ. ಆಗಲೂ ಮಾಡು. ಫೋನ್ ದಿಂಬಿನ ಪಕ್ಕದಲ್ಲೇ ಇರುತ್ತದೆ. ಊಟ ಆಯ್ತಾ ಅಂತ ಮೊದಲು ಕೇಳುತ್ತೇನೆ, ಕಾರ್ಡಿನ ವಿಷಯ ಆಮೇಲೆ.

ದೊಡ್ಡಮ್ಮ ರಾಗಿ ಹುರಿಹಿಟ್ಟು ಮಾಡಿಟ್ಟಿದ್ದಾಳೆ, ಬುಧವಾರ ಬಂದು ತಗೊಂಡು ಹೋಗು. ಬರುವಾಗ ಆ ನಂಬರ್ ಬರೆದ ಹಾಳೆಯನ್ನೂ ತಾ, ನಾನೊಂದು ಇಟ್ಟುಕೊಳ್ಳುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ