ಸೋಲಾರ್ ಹಾಕಿದ ಲೆಕ್ಕ ಇದೆ, ಬಂದ ಯೂನಿಟ್ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ನಮ್ಮ ತುಮಕೂರು ಜಿಲ್ಲೆಯಲ್ಲಿ ಈಗ ಗ್ರಾಮಸಭೆ ನಡೆದರೆ ಸೋಲಾರ್ ಮಾತು ಬಂದೇ ಬರುತ್ತದೆ. ಪಂಚಾಯಿತಿ ಕಟ್ಟಡಕ್ಕೆ ಪ್ಯಾನೆಲ್, ಬೀದಿಗೆ ಎಲ್‌ಇಡಿ, ಕಂಬಕ್ಕೆ ಟೈಮರ್, ಶಾಲೆ ಚಾವಣಿ ಮೇಲೆ ಒಂದಿಷ್ಟು ಕಿಲೋವ್ಯಾಟ್. ಕ್ರಿಯಾಯೋಜನೆಗೆ ಸೇರುತ್ತದೆ, ಮಂಜೂರಾಗುತ್ತದೆ, ಕೆಲಸವೂ ಆಗುತ್ತದೆ. ಒಳ್ಳೆಯದೇ. ಆದರೆ ಹಾಕಿದ ಮೇಲೆ ಅದು ಎಷ್ಟು ಯೂನಿಟ್ ಕೊಟ್ಟಿತು, ಪಂಚಾಯಿತಿಗೆ ಎಷ್ಟು ಕರೆಂಟ್ ಉಳಿಯಿತು ಅಂತ ಊರಿನವರಿಗೆ ಯಾರು ಹೇಳುತ್ತಾರೆ?

ನಾನು ಮಧುಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಮುತ್ತಲ ಊರುಗಳ ಬೋರ್‌ವೆಲ್ ಮೋಟಾರ್ ಸುಟ್ಟರೆ ನಮ್ಮಂಥವರ ಹತ್ತಿರವೇ ಬರುತ್ತವೆ. ಹಾಗಾಗಿ ಪಂಪ್‌ಹೌಸು, ಸ್ಟಾರ್ಟರ್ ಡಬ್ಬ, ಬೀದಿದೀಪದ ಸ್ವಿಚ್ಚು ಇವನ್ನೆಲ್ಲ ದಿನಾ ಬಿಚ್ಚಿ ನೋಡುವವನು.

ಕಳೆದ ಬೇಸಿಗೆಯಲ್ಲಿ ಒಂದು ಊರಿಗೆ ಪಂಪ್ ರಿಪೇರಿಗೆ ಹೋಗಿದ್ದೆ. ಅಲ್ಲಿನ ಪಂಚಾಯಿತಿ ಕಚೇರಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಪ್ಯಾನೆಲ್ ಕರೆಂಟನ್ನು ಲೈನಿನ ಕರೆಂಟಿಗೆ ಹೊಂದಿಸಿ ಕೊಡುವ ಇನ್ವರ್ಟರ್ ಇರುವುದು ಮೆಟ್ಟಿಲ ಕೆಳಗೆ, ಬ್ಲೀಚಿಂಗ್ ಪೌಡರ್ ಚೀಲಗಳ ಹಿಂದೆ. ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಪರದೆ ಮೇಲೆ ಗ್ರಿಡ್ ಇಲ್ಲ, ಅಂದರೆ ಹೊರಗಿನ ಲೈನ್ ಸಿಗುತ್ತಿಲ್ಲ ಅಂತ ತೋರಿಸುತ್ತಿತ್ತು. ಲೈನ್ ಸಿಗದಿದ್ದರೆ ಇಂಥ ಸೋಲಾರ್ ನಿಂತುಬಿಡುತ್ತದೆ. ಆದರೆ ಕಚೇರಿಯೊಳಗೆ ಫ್ಯಾನ್ ತಿರುಗುತ್ತಿತ್ತು, ಅಂದರೆ ಕರೆಂಟ್ ಇತ್ತು. ಚೀಲ ಸರಿಸಿ ನೋಡಿದರೆ ಎಂಸಿಬಿ (ತೊಂದರೆಯಾದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗಿ ಕೆಳಗೆ ಬಿದ್ದಿತ್ತು. ವೈರ್ ಎಲ್ಲ ನೋಡಿ, ಶಾರ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಅದನ್ನು ಮೇಲೆತ್ತಿದೆ. ಸ್ವಲ್ಪ ಹೊತ್ತಿಗೆ ಹಸಿರು ದೀಪ ಬಂತು. ಆಮೇಲೆ ಬಟನ್ ಒತ್ತಿ ಒಟ್ಟು ಯೂನಿಟ್ ನೋಡಿದೆ. ನಮ್ಮ ಕಡೆ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಎರಡು ವರ್ಷದ ಹಿಂದೆ ಹಾಕಿದ 3 ಕಿಲೋವ್ಯಾಟ್ ಅಂದರೆ 8,000 ಯೂನಿಟ್ ದಾಟಿರಬೇಕು. ಅಲ್ಲಿ ಅದರ ಅರ್ಧವೂ ಇರಲಿಲ್ಲ.

ಒಂದು ಸ್ವಿಚ್ ಮೇಲೆತ್ತುವವರಿಲ್ಲದೆ ಅಷ್ಟು ಬಿಸಿಲು ಸುಮ್ನೆ ಹೋಯಿತು. ಅಲ್ಲಿದ್ದವರಿಗೆ ಅದು ನಿಂತಿದೆ ಅಂತಲೇ ಗೊತ್ತಿರಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಪಿಡಿಒ ಹೊಸದಾಗಿ ವರ್ಗವಾಗಿ ಬಂದವರು. ಇನ್ವರ್ಟರ್ ನೋಡಬೇಕು ಅಂತ ವಾಟರ್‌ಮನ್‌ಗೆ ಯಾರೂ ಹೇಳಿರಲಿಲ್ಲ. ಕಡತದಲ್ಲಿ ಬಿಲ್ಲು ಇದೆ, ಜಿಪಿಎಸ್ ಫೋಟೊ ಇದೆ, ಪ್ರಗತಿ ಶೇ. 100 ಅಂತ ಬರೆದಿದೆ. ಸೋಲಾರ್ ಕೆಲಸ ಶುರುವಾಗುವುದೇ ಆ ಫೋಟೊ ತೆಗೆದ ಮೇಲೆ ಅಲ್ವಾ? ಎಷ್ಟು ಬಿತ್ತನೆ ಬೀಜ ತಂದೆವು ಅಂತ ಬರೆದಿಟ್ಟು, ಎಷ್ಟು ಮೂಟೆ ರಾಗಿ ಬಂತು ಅಂತ ಯಾರೂ ಕೇಳದ ಹಾಗಾಗಿದೆ.

ಪಕ್ಕದ ಪಾವಗಡ ತಾಲ್ಲೂಕನ್ನೇ ನೋಡಿ. ತಿರುಮಣಿ, ವಳ್ಳೂರು ಸೇರಿ ಐದು ಊರಿನ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿಂದ ಗ್ರಿಡ್‌ಗೆ ಹೋಗುವ ಕರೆಂಟಿಗೆ 15 ನಿಮಿಷಕ್ಕೊಮ್ಮೆ ಲೆಕ್ಕ ಬೀಳುತ್ತದೆ. ಕಂಪನಿಗೆ ದುಡ್ಡು ಬರುವುದು ಯೂನಿಟ್ ಮೇಲೆ, ಹಾಗಾಗಿ ಒಂದು ದಿನ ನಿಂತರೂ ಗೊತ್ತಾಗುತ್ತದೆ. ಪಂಚಾಯಿತಿ ಸೋಲಾರ್‌ಗೆ ಹಾಕಿದ್ದೂ ಜನರ ದುಡ್ಡೇ. ಅದಕ್ಕೆ 15 ನಿಮಿಷದ ಲೆಕ್ಕ ಬೇಡ, ತಿಂಗಳಿಗೊಂದು ಲೆಕ್ಕವಾದರೂ ಬೇಕು.

ಮೇಲಿನಿಂದ ಬರುವ ಯೋಜನೆಗಳಲ್ಲೂ ಇದೇ ಕೊರತೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಜಿಲ್ಲೆಗೊಂದು ಮಾದರಿ ಸೌರ ಗ್ರಾಮ ಅಂತ ಇದೆ. 5,000ಕ್ಕಿಂತ ಹೆಚ್ಚು ಜನ ಇರುವ ಊರುಗಳ ನಡುವೆ 6 ತಿಂಗಳ ಪೈಪೋಟಿ. ಜಾಸ್ತಿ ಸಾಮರ್ಥ್ಯದ ಸೋಲಾರ್ ಹಾಕಿಸಿಕೊಂಡ ಊರಿಗೆ 1 ಕೋಟಿ ರೂಪಾಯಿ. ಹಳ್ಳಿಗಳಿಗೆ ಹುರುಪು ಬರುವುದು ನಿಜ, ನನಗೂ ಸಂತೋಷವೇ. ಆದರೆ ಗೆಲ್ಲಿಸುವುದು ಕಿಲೋವ್ಯಾಟ್, ಯೂನಿಟ್ ಅಲ್ಲ. ಮೆಟ್ಟಿಲ ಕೆಳಗೆ ಕೆಂಪು ದೀಪ ಉರಿಯುತ್ತಿದ್ದರೂ ಪಟ್ಟಿಯಲ್ಲಿ 3 ಕಿಲೋವ್ಯಾಟ್ 3 ಕಿಲೋವ್ಯಾಟೇ.

ಲೆಕ್ಕ ಇಡುವುದು ಕಷ್ಟವೇನಲ್ಲ. ಪಂಚಾಯಿತಿ ಹೆಸರಲ್ಲಿ ಇರುವ ಆರ್.ಆರ್. ನಂಬರ್‌ಗಳನ್ನೆಲ್ಲ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್) ಮೊದಲು ಒಂದು ಕಡೆ ಬರೆಯಬೇಕು: ಬೋರ್‌ವೆಲ್, ಬೀದಿದೀಪ, ಕಚೇರಿ, ಶುದ್ಧ ನೀರಿನ ಘಟಕ. ಯೋಜನೆ ಶುರುವಾಗುವ ಮುಂಚಿನ ಒಂದು ವರ್ಷದ ಯೂನಿಟ್ ಬೇಕೇ ಬೇಕು. ಅದಿಲ್ಲದೆ ಉಳಿತಾಯ ಅಂತ ಹೇಳಿದರೆ ಯಾವುದಕ್ಕೆ ಹೋಲಿಸಿ ಹೇಳಿದಿರಿ ಅಂತ ಕೇಳಬೇಕಾಗುತ್ತದೆ. ರೂಪಾಯಿಯಲ್ಲಿ ಹೋಲಿಸಿದರೂ ದಾರಿ ತಪ್ಪುತ್ತದೆ. ದರ ಬದಲಾಗುತ್ತದೆ, ಹಳೇ ಬಾಕಿ, ಬಡ್ಡಿ ಎಲ್ಲ ಬಿಲ್ಲಿನಲ್ಲೇ ಬಂದು ಕೂರುತ್ತವೆ.

ಯೂನಿಟ್ ಜೊತೆ ನೀರಿನ ಕಥೆಯನ್ನೂ ಬರೆಯಬೇಕು. ನಮ್ಮ ಸೀಮೆಯಲ್ಲಿ ಪಂಚಾಯಿತಿ ಕರೆಂಟಿನ ದೊಡ್ಡ ಪಾಲು ಬೋರ್‌ವೆಲ್‌ಗೇ ಹೋಗುತ್ತದೆ. 5 ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿದರೆ ಹತ್ತಿರ ಹತ್ತಿರ 4 ಯೂನಿಟ್, ಹಳೇದಾಗಿದ್ದರೆ ಇನ್ನೂ ಜಾಸ್ತಿ. 2023ರಂಥ ಬರಗಾಲದಲ್ಲಿ ನೀರು ಕೆಳಗಿಳಿದು, ಅದೇ ಟ್ಯಾಂಕ್ ತುಂಬಿಸಲು ಮೋಟಾರ್ ಎರಡು ಪಟ್ಟು ಹೊತ್ತು ಓಡಿದ್ದನ್ನು ನಾನೇ ಕಂಡಿದ್ದೇನೆ. ಅಂಥ ವರ್ಷ ಯೂನಿಟ್ ಏರಿದರೆ ಅದು ಯೋಜನೆಯ ಸೋಲಲ್ಲ. ಕೆರೆ ತುಂಬಿದ ವರ್ಷ ಇಳಿದರೆ ಅದು ಯೋಜನೆಯ ಗೆಲುವೂ ಅಲ್ಲ. ವಾಟರ್‌ಮನ್ ಮೋಟಾರ್ ಓಡಿದ ಗಂಟೆ ಬರೆದಿಟ್ಟರೆ ಯಾವುದು ಮಳೆಯ ಪುಣ್ಯ, ಯಾವುದು ನಮ್ಮ ದುಡಿಮೆ ಅಂತ ತಿಳಿಯುತ್ತದೆ.

ಬೀದಿದೀಪದ ಲೆಕ್ಕ ಇನ್ನೂ ಸುಲಭ. 40 ವ್ಯಾಟಿನ 100 ದೀಪ ಹಗಲಿಡೀ ಉರಿದರೆ ತಿಂಗಳಿಗೆ 1,400 ಯೂನಿಟ್ ದಂಡ. ಟೈಮರ್ ಕೆಟ್ಟ ತಿಂಗಳೇ ಅದು ಮೀಟರಿನಲ್ಲಿ ಕಾಣುತ್ತದೆ, ನೋಡುವವರು ಬೇಕು ಅಷ್ಟೇ.

ತಮಿಳುನಾಡಿನ ಒಡಂತುರೈ ಪಂಚಾಯಿತಿ 2006ರಲ್ಲೇ ಸ್ವಂತಕ್ಕೆ 350 ಕಿಲೋವ್ಯಾಟಿನ ಗಾಳಿಯಂತ್ರ ಹಾಕಿಸಿ, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿತು. ಮಾರಬೇಕಾದರೆ ಯೂನಿಟ್ ಲೆಕ್ಕ ಇರಲೇಬೇಕು. ಅಲ್ಲಿನ ಜನಕ್ಕೆ ತಮ್ಮ ಯಂತ್ರ ತಿರುಗುತ್ತಿದೆಯೋ ಇಲ್ಲವೋ ತಿಳಿಯುತ್ತಿದ್ದದ್ದು ಹಾಗೆ.

ನಮ್ಮಲ್ಲಿ ಇದಕ್ಕೆ ಹೊಸ ಸಮಿತಿ, ಹೊಸ ಆ್ಯಪ್ ಯಾವುದೂ ಬೇಡ. ಪಂಚಾಯಿತಿ ಗೋಡೆ ಇದೆ, ಗ್ರಾಮಸಭೆ ಇದೆ, ವರ್ಷಕ್ಕೊಮ್ಮೆ ಲೆಕ್ಕ, ಕಾಮಗಾರಿ ತಪಾಸಣೆ ಮಾಡುವ ಜಮಾಬಂದಿ ಇದೆ. ಪ್ರತಿ ತಿಂಗಳ ರೀಡಿಂಗ್ ಗೋಡೆ ಮೇಲೆ ಬರೆಯಿರಿ. ಈ ತಿಂಗಳು ಬಳಸಿದ್ದು, ಸೋಲಾರ್ ಕೊಟ್ಟದ್ದು, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು, ಯಾವುದು ಕೆಟ್ಟು ನಿಂತಿದೆ. ಕೆಟ್ಟದ್ದನ್ನು ಮುಚ್ಚಿಡಬೇಡಿ. ಅದು ಗೋಡೆ ಮೇಲಿದ್ದರೆ ಬೇಗ ರಿಪೇರಿ ಆಗುತ್ತದೆ. ಜಮಾಬಂದಿಗೆ ಬರುವ ಅಧಿಕಾರಿಗಳು ಕಾಮಗಾರಿ ನೋಡುವಾಗ ಒಮ್ಮೆ ಇನ್ವರ್ಟರ್ ಮುಂದೆಯೂ ನಿಲ್ಲಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇಂಥ ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಜನರ ಮುಂದಿಡಬೇಕು. ಜಿಲ್ಲಾ ಪಂಚಾಯಿತಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.

ರೀಡಿಂಗ್ ನೋಡಲು ಬರುವುದಿಲ್ಲ ಅನ್ನುವ ನೆಪ ಬೇಡ. ಮಧುಗಿರಿ ತಾಲ್ಲೂಕಿನ ಯಾವ ಪಂಚಾಯಿತಿ ಕರೆದರೂ ನಾನು ಬಂದು ವಾಟರ್‌ಮನ್, ಬಿಲ್ ಕಲೆಕ್ಟರ್‌ಗಳಿಗೆ ಯಾವ ಬಟನ್ ಒತ್ತಬೇಕು, ಯಾವ ಅಂಕಿ ಬರೆದುಕೊಳ್ಳಬೇಕು, ಕೆಂಪು ದೀಪ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ತೋರಿಸಿಕೊಡುತ್ತೇನೆ. ಅರ್ಧ ಗಂಟೆಯ ಕೆಲಸ, ಕೂಲಿ ಬೇಡ. ಮಂಗಳವಾರ ಅಂಗಡಿಗೆ ರಜೆ, ಅವತ್ತು ಕರೆದರೆ ಅನುಕೂಲ.

– ಮೋಟಾರ್ ವೈಂಡಿಂಗ್ ಕೆಲಸಗಾರ, ಮಧುಗಿರಿ, ತುಮಕೂರು ಜಿಲ್ಲೆ